ಗಲ್ಲಾದಲ್ಲಿ ಕೂರಲಾಗದ ವ್ಯಾಪಾರ

ಬೆಳಿಗ್ಗೆ ಒಂಬತ್ತಕ್ಕೆಲ್ಲ ನಮ್ಮ ಆಫೀಸಿನ ಬೆಂಚು ತುಂಬುತ್ತಿತ್ತು. ಕುಂದಾಪುರದ ಪೇಟೆಯಲ್ಲಿ ಒಂದು ಔಷಧಿ ಅಂಗಡಿ, ಅದರ ಮೇಲಿನ ಮಾಳಿಗೆಯಲ್ಲಿ ಶೇರು ದಲ್ಲಾಳಿ ಕಂಪೆನಿಯೊಂದರ ಶಾಖೆ. ನಾನು ಹೇಳಹೊರಟ ಆ ದಿನ ಗಾಜಿನ ಕೋಣೆಯೊಳಗೆ ನಮ್ಮ ಮ್ಯಾನೇಜರ್ ಪ್ರಭುಗಳಿದ್ದರು. ಕಂಪ್ಯೂಟರಿನ ಎದುರು ನಾನು. ಬೆಂಚಿನ ಮೇಲೆ ಗೋಡೆಗೆ ಒರಗಿಕೊಂಡು ಪೈ ಮಾಸ್ತರು, ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಪಕ್ಕ ಗಂಗೊಳ್ಳಿಯ ಕೇಶವ ಖಾರ್ವಿ, ಮೀನುಗಾರಿಕೆ ಬೋಟಿನ ಮಾಲೀಕರು. ಕಿಟಕಿ ಬದಿಯ ಕುರ್ಚಿಯಲ್ಲಿ ಸುಧಾಕರ ಶೆಟ್ಟರು.

“ಹ್ವಾಯ್ ಲಲಿತಮ್ಮ, ನಮ್ಮ ಟವರ್ ಎಷ್ಟಕ್ ಬಂತ್?” ಎಂದು ಶೆಟ್ಟರು ಕೇಳಿದರು.

ಟವರ್ ಎಂದರೆ ವಿದ್ಯುತ್ ತಂತಿ ಎಳೆಯಲು ಕಬ್ಬಿಣದ ಗೋಪುರ ನಿಲ್ಲಿಸುವ ಒಂದು ಕಂಪೆನಿ. ಅದರ ನಿಜ ಹೆಸರು ಇಲ್ಲಿ ಬೇಡ. ನಮ್ಮ ಬೆಂಚಿನಲ್ಲಿ ಅದಕ್ಕೆ ಟವರ್ ಎಂದೇ ಹೆಸರು.

“ನಿನ್ನೆಗಿಂತ ಕಮ್ಮಿ ಶೆಟ್ರೆ. ಮಾರ್ಕೆಟ್ ಬಾಗ್ಲ್ ತೆಗುವಾಗ್ಲೇ ಬಿದ್ದಿತ್ತ್.”

“ಬೀಳ್ಲಿ, ಬೀಳ್ಲಿ. ಬಿದ್ರೆ ಅಲ್ದಾ ಹೆಕ್ಕುಕೆ ಆಪ್ದ್!”

ಪೈ ಮಾಸ್ತರು ಪೇಪರಿನಿಂದ ತಲೆ ಎತ್ತಲಿಲ್ಲ. “ಬಿದ್ದದ್ದನ್ನೆಲ್ಲ ಹೆಕ್ಕುದಾರೆ ಮೀನ್ ಮಾರ್ಕೆಟಿನ್ ರೋಡಗೆ ಬೇಕಾದಷ್ಟ್ ಇತ್ತ್ ಶೆಟ್ರೆ” ಎಂದರು.

“ಮಾಸ್ಟ್ರೆ, ನೀವ್ ಲಾಭದ್ದನ್ನ ಮಾರಿ ನಷ್ಟದ್ದನ್ನ ಮನ್ಯಗ್ ಇಟ್ಕಂಬವ್ರ್. ನಂಗ್ ಪಾಠ ಬ್ಯಾಡ.”

ಎಲ್ಲರೂ ನಕ್ಕರು, ಮಾಸ್ತರೂ ನಕ್ಕರು. ಶೆಟ್ಟರು ಮತ್ತಷ್ಟು ಟವರ್ ಕೊಳ್ಳಲು ಹೇಳಿದರು. ನಾನು ನಿಯಮದಂತೆ ಕಂಪೆನಿಯ ಹೆಸರು, ಎಷ್ಟು ಶೇರು, ಯಾವ ದರ ಎಂಬುದನ್ನು ಗಟ್ಟಿಯಾಗಿ ಹೇಳಿ, ಅವರು “ಹೌದ್” ಎಂದ ಮೇಲೆ ಗುಂಡಿ ಒತ್ತಿದೆ. ಆ ದಿನ ಕೊಂಡದ್ದು ಅವರ ಹೆಸರಿಗಲ್ಲ, ತಂಗಿ ವಾರಿಜಕ್ಕನ ಹೆಸರಿಗೆ. ಬೈಂದೂರಿನ ಬದಿಯ ಯಡ್ತರೆಯಲ್ಲಿ ಅರ್ಧಕ್ಕೆ ನಿಂತಿದ್ದ ವಾರಿಜಕ್ಕನ ಮನೆಯ ಹಣ ಅದು.

ಈ ಕೆಲಸಕ್ಕೆ ಈಗ ಸೇರುತ್ತಿರುವ ಹುಡುಗ ಹುಡುಗಿಯರಿಗೆ ಎರಡು ಮಾತು ಹೇಳಬೇಕೆಂದು ಕೂತವಳು ನಾನು. ನನಗೆ ಬಡ್ತಿ ಸಿಕ್ಕದ್ದೂ ಇದೆ, ಅದರಿಂದ ಕುರ್ಚಿ ಬದಲಾಯಿತೇ ವಿನಾ ಬುದ್ಧಿ ಬದಲಾಗಲಿಲ್ಲ. ಬುದ್ಧಿ ಬಂದದ್ದು ಬೆಂಚಿನ ಮೇಲೆ ಕೂತವರಿಂದ. ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗಿ ದುಡಿದೆ. ಓದಿದ್ದು ಬಿ.ಕಾಂ. ಆದರೂ ನನ್ನ ಮಾತು ಅಜ್ಜಿಯದು. ಅಕ್ಷರ ಬಾರದ ಅಜ್ಜಿ “ಹೊಳೆಗೆ ಹಾಕಿದರೂ ಅಳೆದು ಹಾಕು” ಎನ್ನುತ್ತಿದ್ದರು. ನಮ್ಮ ಆಫೀಸಿಗೆ ಬಂದ ಎಷ್ಟು ಜನ ಅಳೆದು ಹಾಕಿದರು ಎಂದು ಕೇಳಬೇಡಿ.

ನಾನು ಸೇರುವಾಗ ಶೇರು ಎಂದರೆ ಕಾಗದ. ಬಣ್ಣಬಣ್ಣದ ಸರ್ಟಿಫಿಕೇಟು, ಹಿಂದೆ ಹಚ್ಚಿದ ಸ್ಟಾಂಪು. ಮಾರಬೇಕಾದರೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ ಮುಂಬೈಗೆ ಕಳಿಸಬೇಕು. ಹಾಲಾಡಿಯ ಒಬ್ಬ ಅಜ್ಜ ಹೆಂಡತಿಯ ಆಪರೇಷನ್ನಿಗೆಂದು ಶೇರು ಮಾರಿದರು. ಯೌವನದಲ್ಲಿ ಹಾಕಿದ್ದ ಸಹಿಗೂ ನಡುಗುವ ಕೈಯ ಸಹಿಗೂ ತಾಳೆಯಾಗದೆ ಕಾಗದ ವಾಪಸು ಬಂತು. ಬ್ಯಾಂಕಿನವರಿಂದ ಸಹಿ ದೃಢಪಡಿಸಿ ಮತ್ತೆ ಕಳಿಸುವಷ್ಟರಲ್ಲಿ ಬೆಲೆ ಪಾತಾಳಕ್ಕೆ ಇಳಿದಿತ್ತು. ಅಜ್ಜ ಬೈಯಲಿಲ್ಲ. “ಸೈನ್ ನನ್ದೇ ಹೆಣೆ, ಕೈ ಮಾತ್ರ ಈಗ ನನ್ದಲ್ಲ” ಎಂದು ನಕ್ಕು ಮೆಟ್ಟಿಲಿಳಿದರು. ಆಮೇಲೆ ಕಾಗದ ಹೋಗಿ ಕಂಪ್ಯೂಟರು ಬಂತು, ಮಾರುವುದು ಕಣ್ಣು ಮಿಟುಕಿಸಿದಷ್ಟು ಸಲೀಸಾಯಿತು. ಆದರೂ ಜನ ಮಾರಲಿಲ್ಲ ಎಂಬುದೇ ನಾನು ಕಂಡ ವಿಚಿತ್ರ. ಕಾಗದದ ಕಾಲದಲ್ಲಿ ತಡ ಮಾಡುತ್ತಿದ್ದುದು ಅಂಚೆ. ಆಮೇಲೆ ತಡ ಮಾಡಿದ್ದು ಮನಸ್ಸು.

ಪ್ರಭುಗಳ ಬಗ್ಗೆಯೂ ಹೇಳಬೇಕು. ಒಳ್ಳೆಯ ಮನುಷ್ಯ. ಆದರೆ ಸಂಜೆ ಹೆಡ್ಡಾಫೀಸಿನಿಂದ ಫೋನು ಬಂದರೆ ಅವರ ಮುಖ ಬಾಡಿದ ಬಸಳೆಯ ಹಾಗೆ ಆಗುತ್ತಿತ್ತು. ಅಲ್ಲಿಂದ ಬರುವ ಪ್ರಶ್ನೆ ಒಂದೇ, ಇವತ್ತು ದಲ್ಲಾಳಿ ಕಮಿಷನ್ ಎಷ್ಟಾಯಿತು. ಗಿರಾಕಿ ಗೆದ್ದನೋ ಸೋತನೋ ಎಂದು ಯಾರೂ ಕೇಳಿದ್ದು ನನಗೆ ನೆನಪಿಲ್ಲ. ಒಮ್ಮೆ ಪ್ರಭುಗಳು ನನ್ನನ್ನು ಕರೆದು, “ಲಲಿತಾ, ಗಿರಾಕಿ ಕೊಡುವುದನ್ನು ತೆಗೆದುಕೋ. ಬುದ್ಧಿ ಹೇಳಿದರೆ ಗೆದ್ದಾಗ ತಾನು ಗೆದ್ದೆ ಅಂತಾನೆ, ಸೋತಾಗ ನೀನು ಸೋಲಿಸಿದೆ ಅಂತಾನೆ” ಎಂದರು. ಅದರಲ್ಲಿ ಸುಳ್ಳಿರಲಿಲ್ಲ. ಆದರೆ ದಿನಾ ಎದುರಿಗೆ ಕೂತು ಒಂದೇ ಪೊಟ್ಟಣದ ಗೋಳಿಬಜೆ ಹಂಚಿ ತಿಂದವರಿಗೆ ಏನೂ ಹೇಳದೆ ಇರುವುದು ಹೇಗೆ? ನಾನು ಹೇಳುತ್ತಿದ್ದೆ. ಅವರು ಕೇಳುತ್ತಿರಲಿಲ್ಲ. ಹೀಗೆ ವರ್ಷಗಳು ಹೋದವು.

ಶೆಟ್ಟರ ಕತೆಗೆ ಬರುತ್ತೇನೆ.

ಸುಧಾಕರ ಶೆಟ್ಟರು ಮೀಸೆ ಮೂಡುವ ಮೊದಲೇ ಮುಂಬೈಗೆ ಹೋದವರು. ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ಮುಚ್ಚಿಹೋದ ಹೋಟೆಲುಗಳನ್ನು ನಡೆಸಲು ವಹಿಸಿಕೊಳ್ಳುವ ಹಂತಕ್ಕೆ ಬಂದವರು. ಅದೇ ಅವರ ವಿಶೇಷ. ನಡೆಯುವ ಹೋಟೆಲಿನ ಹತ್ತಿರಕ್ಕೂ ಹೋಗುತ್ತಿರಲಿಲ್ಲ. ಬಾಗಿಲು ಹಾಕಿ ಜೇಡ ಬಲೆ ಕಟ್ಟಿದ್ದನ್ನೇ ಹುಡುಕಿ, ಕಮ್ಮಿ ಬಾಡಿಗೆಗೆ ಹಿಡಿದು, ಒಂದು ವರ್ಷದಲ್ಲಿ ಎತ್ತಿ ನಿಲ್ಲಿಸುತ್ತಿದ್ದರು. ಹೀಗೆ ಎತ್ತಿ ನಿಲ್ಲಿಸಿದ ಹೋಟೆಲುಗಳ ಹೆಸರನ್ನು ಮೊಮ್ಮಕ್ಕಳ ಹೆಸರಿನ ಹಾಗೆ ಹೇಳುತ್ತಿದ್ದರು. ವಯಸ್ಸಾದ ಮೇಲೆ ಎಲ್ಲ ಬಿಟ್ಟು ಊರಿಗೆ ಬಂದು ಕುಂದಾಪುರದಲ್ಲಿ ಫ್ಲ್ಯಾಟು ಮಾಡಿದರು. ಸುಮ್ಮನೆ ಕೂರಲು ಬಾರದವರು. ಒಂದು ದಿನ ಕೆಳಗಿನ ಅಂಗಡಿಗೆ ಬಿ.ಪಿ. ಮಾತ್ರೆಗೆಂದು ಬಂದು, ಮೇಲೇನಿದೆ ಎಂದು ನೋಡಲು ಹತ್ತಿದರು. ಅವತ್ತೇ ಖಾತೆ ತೆರೆದರು.

“ಹೋಟ್ಲ್ ಬೀಳುದ್ ಎಂತಕ್ ಗೊತ್ತಿತ್ತಾ ಲಲಿತಮ್ಮ?” ಎಂದು ಒಮ್ಮೆ ಕೇಳಿದ್ದರು. “ಅಡ್ಗಿ ಹಾಳಾಪ್ದ್ ಆಮೇಲಿನ್ ಮಾತ್. ಸೇಠ್ ಗಲ್ಲಾ ಬಿಟ್ಟ್ ಎದ್ದ ದಿನವೇ ಹೋಟ್ಲ್ ಬಿತ್ತ್. ನಾನ್ ಹೋಗಿ ಮೊದ್ಲ್ ಮಾಡುದ್ ಅದನ್ನೇ. ಗಲ್ಲಾದಗೆ ಕೂಕಂಬುದ್. ಅಲ್ಲಿಂದ ಒಲೆ ಕಾಣ್ತ್, ಗಿರಾಕಿ ಮೋರೆ ಕಾಣ್ತ್, ಸಪ್ಲಾಯರ್‌ನ ಕಿಸೆ ಕಾಣ್ತ್. ಏಕ್‌ದಮ್ ಎಲ್ಲಾ ಕಾಣ್ತ್.”

ಅದು ಬಾಯಿ ಬಡಾಯಿಯಲ್ಲ. ಬೆಳಗಿನ ಜಾವ ತಾನೇ ತರಕಾರಿ ಮಂಡಿಗೆ ಹೋಗಿ, ಸಾಂಬಾರಿನ ಮೊದಲ ಸೌಟು ತಾನೇ ಕುಡಿದು ನೋಡಿ ಬದುಕಿದವರು. ತೊಂದರೆ ಇದ್ದದ್ದು ಆ ಬದುಕಿನ ಬುದ್ಧಿಯನ್ನೇ ಶೇರಿಗೂ ತಂದದ್ದರಲ್ಲಿ. ಬಿದ್ದ ಕಂಪೆನಿ ಕಂಡರೆ ಅವರಿಗೆ ಬಾಗಿಲು ಹಾಕಿದ ಹೋಟೆಲ್ ಕಂಡ ಹಾಗೆ. ಮೊದಲ ಸಲ ಅವರ ಅದೃಷ್ಟವೋ ದುರದೃಷ್ಟವೋ, ನೆಲ ಕಚ್ಚಿದ್ದ ಒಂದು ಸಿಮೆಂಟ್ ಕಂಪೆನಿಯ ಶೇರು ಕೊಂಡು ಇಮ್ಮಡಿ ಮಾಡಿಕೊಂಡರು. ಅಲ್ಲಿಗೆ ಮುಗಿಯಿತು. ಹೊಸಬರೇ, ಗಿರಾಕಿಯ ಮೊದಲ ಸೋಲಿಗೆ ಹೆದರಬೇಡಿ. ಅವನ ಮೊದಲ ಗೆಲುವು ಎಂಥದು ಎಂದು ಕೇಳಿ ತಿಳಿದುಕೊಳ್ಳಿ. ಮುಂದೆ ಅವನು ಎಲ್ಲಿ ಬೀಳುತ್ತಾನೆ ಎಂಬುದು ಅದರಲ್ಲಿರುತ್ತದೆ.

ಟವರ್ ಬೀಳತೊಡಗಿದಾಗ ಶೆಟ್ಟರ ಕಣ್ಣು ಅದರ ಮೇಲೆ ಬಿತ್ತು. ಮೊದಲು ತನ್ನ ಹಣ ಹಾಕಿದರು. ಇನ್ನೂ ಬಿತ್ತು. ಆವರೇಜ್ ಮಾಡಬೇಕು ಎಂದರು. ಅಂದರೆ, ಹೆಚ್ಚಿನ ಬೆಲೆಗೆ ಕೊಂಡದ್ದು ಇಳಿದಾಗ ಕಮ್ಮಿ ಬೆಲೆಗೆ ಮತ್ತಷ್ಟು ಕೊಂಡರೆ ಸರಾಸರಿ ಬೆಲೆ ಕೆಳಗೆ ಬರುತ್ತದೆ. ಲೆಕ್ಕದಲ್ಲಿ ಸರಿ. ಆದರೆ ಸರಾಸರಿ ಇಳಿದಷ್ಟೂ ಹಾಕಿದ ಗಂಟು ಏರುತ್ತದೆ ಎಂಬುದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ವಾರಿಜಕ್ಕನ ಮನೆ ಮೊದಲು ತ್ರಾಸಿಯಲ್ಲಿ, ಹೆದ್ದಾರಿಯ ಅಂಚಿನಲ್ಲಿತ್ತು. ರಸ್ತೆ ಅಗಲ ಮಾಡುವಾಗ ಮನೆ ಪೂರಾ ಹೋಯಿತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಓದುವ ಇಬ್ಬರು ಹೆಣ್ಣುಮಕ್ಕಳು. ಪರಿಹಾರದ ಹಣದಲ್ಲಿ ಯಡ್ತರೆಯಲ್ಲಿ ಸಣ್ಣ ಜಾಗ ಕೊಂಡು ಮನೆ ಕಟ್ಟಿಸಲು ಹೊರಟರು. ಅಡಿಪಾಯ ಆಯಿತು, ಕಂಬ ಎದ್ದಿತು. ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಸ್ಲ್ಯಾಬ್ ಹಾಕುವವರು ಯಾರೂ ಇಲ್ಲ. ನವರಾತ್ರಿ ಕಳೆದ ಮೇಲೇ ಕೆಲಸ ಎಂದು ಕಂಟ್ರಾಕ್ಟರು ಹೋದ. ಸ್ಲ್ಯಾಬಿಗೆ, ಗೋಡೆಗೆ, ಬಾಗಿಲಿಗೆ ಎಂದು ಇಟ್ಟ ಹಣ ಬ್ಯಾಂಕಿನಲ್ಲಿ ಉಳಿಯಿತು.

“ಮಳೆಗಾಲ ಇಡೀ ಸುಮ್ನೆ ಮಲ್ಗಿಸಿಡುದ್ ಎಂತಕ್ಕೆ?” ಎಂದರು ಶೆಟ್ಟರು. ಅವರ ಕುಟುಂಬದಲ್ಲಿ ತಂಗಿಗೂ ತಂಗಿಯ ಮಕ್ಕಳಿಗೂ ಅಣ್ಣನೇ ದಿಕ್ಕು. ಸೋದರಮಾವ ಹೇಳಿದ ಮೇಲೆ ಎರಡನೇ ಮಾತಿಲ್ಲ.

ಖಾತೆ ತೆರೆಯುವಾಗ ಗಿರಾಕಿಯನ್ನು ಕಣ್ಣಾರೆ ಕಾಣಬೇಕು ಎಂಬುದು ನಿಯಮ. ಹಾಗಾಗಿ ನಾನೇ ಬೈಂದೂರಿಗೆ ಹೋದೆ. ಅಕ್ಕಿ ಗಿರಣಿಯೊಂದರ ಹಿಂದೆ ಎರಡು ಕೋಣೆಯ ಬಾಡಿಗೆ ಮನೆ. ಗೋಡೆ ಮೇಲೆ, ಪಾತ್ರೆ ಮೇಲೆ ಎಲ್ಲ ತವುಡಿನ ಧೂಳು. ವಾರಿಜಕ್ಕ ಸೆರಗಿನಿಂದ ಕುರ್ಚಿ ಒರೆಸಿ, “ಕೂಕಣಿ. ಬೆಲ್ಲ ನೀರ್ ಕೊಡ್ಲಾ?” ಎಂದರು. ನನಗಿಂತ ಕಿರಿಯರು. ಆದರೂ ನಾನು ವಾರಿಜಕ್ಕ ಎಂದೇ ಕರೆದೆ.

ಸಹಿ ಹಾಕಬೇಕಾದ ಜಾಗ ತೋರಿಸುವ ಮೊದಲು ನಾನು ಹೇಳಿದೆ. “ಅಕ್ಕ, ಇದ್ ಬ್ಯಾಂಕ್ ಅಲ್ಲ. ಹೆಚ್ಚೂ ಆತ್ತ್, ಕಮ್ಮಿಯೂ ಆತ್ತ್. ಪೂರಾ ಹೋಪುದೂ ಇತ್ತ್.”

“ಅಣ್ಣಯ್ಯ ಇಪ್ಪುವಾಗ ಹೋಪುದ್ ಎಲ್ಲಿಗೆ?” ಎಂದು ನಕ್ಕು, ಒಂದೊಂದೇ ಅಕ್ಷರ ಜೋಡಿಸಿ ಸಹಿ ಹಾಕಿದರು, ತನ್ನ ಪರವಾಗಿ ಅಣ್ಣನೇ ವ್ಯವಹರಿಸಲಿ ಎಂಬ ಪತ್ರಕ್ಕೂ. ಆಮೇಲೆ ಕೊಡೆ ಹಿಡಿದು ಯಡ್ತರೆಯ ಜಾಗಕ್ಕೆ ಕರೆದುಕೊಂಡು ಹೋದರು. ಮಳೆಯಲ್ಲಿ ಕಂಬಗಳು ನಿಂತಿದ್ದವು. “ಇಲ್ಲಿ ಅಡ್ಗಿ ಕೋಣೆ. ಇಲ್ಲಿ ಮಕ್ಳಿಗೆ ಓದುಕೆ. ಇಲ್ಲೊಂದ್ ಕಿಟ್ಕಿ, ಗಿರಣಿ ಧೂಳ್ ಕುಡ್ದ್ ಕುಡ್ದ್ ಸಾಕಾಯ್ತ್ ಮರಾಯ್ರೆ” ಎಂದು ಇನ್ನೂ ಇಲ್ಲದ ಗೋಡೆಗಳ ನಡುವೆ ನಡೆದು ತೋರಿಸಿದರು. ಬಾಗಿಲು ಬರುವ ಜಾಗದಲ್ಲೇ ನನ್ನನ್ನು ಒಳಗೆ ಕರೆದರು, ಪಕ್ಕದಿಂದ ನುಗ್ಗಲು ಬಿಡಲಿಲ್ಲ.

ಮಳೆಗಾಲದಲ್ಲಿ ಆ ಹಣದ ಒಂದು ಪಾಲು ಟವರಿಗೆ ಹೋಯಿತು. ನವರಾತ್ರಿ ಬಂತು, ಮಳೆ ನಿಂತಿತು. ಕಂಟ್ರಾಕ್ಟರು ಸ್ಲ್ಯಾಬಿಗೆ ಆಧಾರ ಕೊಡುವ ಹಲಗೆ, ಮರದ ಕಂಬಗಳನ್ನು ಲಾರಿಯಲ್ಲಿ ತಂದು ಇಳಿಸಿದ. ಟವರಿನ ಬೆಲೆ ಆಗ ಕೊಂಡದ್ದರ ಅರ್ಧಕ್ಕೆ ಬಂದಿತ್ತು.

“ಶೆಟ್ರೆ, ಅರ್ಧ ಆರೂ ಉಳಿತ್ತ್. ಉಳಿದ ದುಡ್ಡಿಗೆ ಸೇರ್ಸಿರೆ ಸ್ಲ್ಯಾಬ್ ಆತ್ತ್. ಮಾರುವ” ಎಂದೆ.

“ಅರ್ಧಕ್ಕೆ ಮಾರಿರೆ ವಾರಿಜಗೆ ಎಂತ ಮೋರೆ ತೋರ್ಸುದ್? ಅವ್ಳ್ ಕೊಟ್ಟದ್ದನ್ನ ಪೂರಾ ಕೊಡ್ಕ್ ನಾನ್.”

ನನ್ನ ಇಡೀ ನೌಕರಿಯಲ್ಲಿ ಅತಿ ಹೆಚ್ಚು ಹಣ ನುಂಗಿದ ಮಾತು ಇದು. ದುರಾಸೆ ಎಂದು ಎಲ್ಲರೂ ಹೇಳುತ್ತಾರೆ. ದುರಾಸೆಯವರನ್ನು ನಾನು ಕಂಡದ್ದು ಕಮ್ಮಿ. ಕಂಡದ್ದೆಲ್ಲ ನಾಚಿಕೆಯವರನ್ನು. ನಷ್ಟವನ್ನು ಮನೆಯವರಿಗೆ ಹೇಳಲು ನಾಚಿ, ಹೇಳದೆ ಇರಲು ಇನ್ನಷ್ಟು ಹಾಕಿ, ಆಮೇಲೆ ಹೇಳಲಾರದಷ್ಟು ದೊಡ್ಡದು ಮಾಡಿಕೊಂಡವರು. ಪೈ ಮಾಸ್ತರೂ ಹಾಗೆಯೇ. ಗಣಿತ ಕಲಿಸಿದವರಿಗೆ ನಷ್ಟ ಲೆಕ್ಕ ಹಾಕಲು ಬಾರದೆ ಇರಲಿಲ್ಲ. “ಮಾರುವ ತನಕ ನಷ್ಟ ಅಲ್ಲ, ಅದ್ ಬರೇ ಕಾಗದದ ಮೇಲಿನದ್ದ್” ಎನ್ನುತ್ತಿದ್ದರು. ಅವರ ಮನೆಯಲ್ಲಿ ಅಂಥ ಕಾಗದ ಬಹಳ ಇತ್ತು.

ಕೇಶವ ಖಾರ್ವಿಯವರ ಬಳಿಯೂ ಸ್ವಲ್ಪ ಟವರ್ ಇತ್ತು. ಒಂದು ದಿನ ಅವರನ್ನು ಕೇಳಿದೆ. “ಬಲೆ ನೀರಡಿಯ ಕಲ್ಲಿಗೆ ಸಿಕ್ಕಿರೆ ಎಂತ ಮಾಡ್ತ್ರಿ?”

“ಕತ್ತರ್ಸುದ್. ಬಲೆ ಹೋರೆ ಹೋಯ್ಲಿ, ಬೋಟ್ ಉಳಿಕಲ್ದಾ?”

“ಹಂಗಾರೆ ಇದನ್ನ ಎಂತಕ್ ಹಿಡ್ಕಂಡ್ ಕೂತಿದ್ರಿ?”

ಅವರು ಪರದೆಯ ಕಡೆ ಕೈ ತೋರಿಸಿದರು. “ಬಲೆ ಎಳುವಾಗ ಕೈಗ್ ಗೊತ್ತಾತ್ತ್ ಲಲಿತಮ್ಮ, ಕಲ್ಲಾ ಮೀನಾ ಅಂದೇಳಿ. ಇದ್ರಗೆ ಕೈಗ್ ಎಂತದೂ ಗೊತ್ತಾತಿಲ್ಲೆ.”

ಅವರೂ ಮಾರಲಿಲ್ಲ. ಕಡಲಲ್ಲಿ ಬಲೆ ಕತ್ತರಿಸಿದ ಕೈ ಇಲ್ಲಿ ಕತ್ತರಿಸಲಿಲ್ಲ.

ಆ ಬೇಸಿಗೆಯಲ್ಲಿ ಕಂಟ್ರಾಕ್ಟರು ತನ್ನ ಹಲಗೆ, ಮರದ ಕಂಬಗಳನ್ನು ಮತ್ತೆ ಲಾರಿಗೆ ಏರಿಸಿ ಬೇರೆ ಕಡೆಗೆ ಒಯ್ದ. ವಾರಿಜಕ್ಕ ಅಣ್ಣನನ್ನು ಕೇಳಿದರಂತೆ. “ಬಪ್ಪ ವರ್ಷ ಒಂದ್ ಮಾಳ್ಗಿ ಜಾಸ್ತಿಯೇ ಹಾಕುವ” ಎಂದರಂತೆ ಇವರು. ತಂಗಿ ಒಪ್ಪಿದರು. ಇವರು ಉಳಿದ ಹಣವನ್ನೂ ತಂದು ಟವರಿಗೆ ಹಾಕಿದರು. ಈ ಕತೆಯ ಮೊದಲಿಗೆ ಹೇಳಿದ ದಿನ ಅದೇ, ಬೆಂಚಿನವರೆಲ್ಲ ನಕ್ಕ ದಿನ.

ಗುಂಡಿ ಒತ್ತುವ ಮೊದಲು ನಾನು ಒಂದು ಮಾತು ಕೇಳಿದ್ದೆ. “ಶೆಟ್ರೆ, ಈ ಕಂಪೆನಿಯ ಗಲ್ಲಾದಗೆ ಯಾರ್ ಕೂತಿದ್ರ್ ಅಂತ ನಿಮ್ಗ್ ಗೊತ್ತಿತ್ತಾ?”

“ಬೋರ್ಡಿನವ್ರ್ ಇತ್ರಲೆ” ಎಂದರು ಶೆಟ್ಟರು.

“ನೀವ್ ಹೋಗಿ ಕೂಕಂಬುಕ್ ಆತ್ತಾ?”

“ಖಾಲಿ ಪೀಲಿ ಮಂಡೆ ತಿನ್ಬೇಡಿ ಮರಾಯ್ರೆ. ಹೆಕ್ಕಿ.”

ಹೊಸಬರು ಇದನ್ನು ನೆನಪಿಡಬೇಕು. ಬಿದ್ದ ಹೋಟೆಲನ್ನು ಶೆಟ್ಟರು ಎತ್ತಿದ್ದು ಅಗ್ಗಕ್ಕೆ ಕೊಂಡದ್ದರಿಂದಲ್ಲ, ಹೋಗಿ ಗಲ್ಲಾದಲ್ಲಿ ಕೂತದ್ದರಿಂದ. ಶೇರು ಕೊಂಡವನಿಗೆ ಹೋಟೆಲಿನ ಪಾಲು ಸಿಗುತ್ತದೆ, ಗಲ್ಲಾ ಸಿಗುವುದಿಲ್ಲ. ಅಡುಗೆಯವನು ಕದಿಯುತ್ತಿದ್ದಾನೆಯೇ, ಒಲೆ ಉರಿಯುತ್ತಿದೆಯೇ ಎಂದು ಬೀದಿಯಲ್ಲಿ ನಿಂತು ಊಹೆ ಮಾಡಬೇಕು. ಪ್ರತಿಯೊಬ್ಬನೂ ತನ್ನ ಕಸುಬಿನ ಬುದ್ಧಿಯನ್ನೇ ಹಿಡಿದುಕೊಂಡು ಇಲ್ಲಿಗೆ ಬರುತ್ತಾನೆ, ಆ ಬುದ್ಧಿಯೇ ಅವನ ಕಣ್ಣು ಕಟ್ಟುತ್ತದೆ. ಇನ್ನೊಂದು, ಮಳೆ ನಿಂತ ಕೂಡಲೆ ಬೇಕಾಗುವ ಹಣವನ್ನು, ಫೀಸಿನ ಹಣವನ್ನು, ಸೂರಿನ ಹಣವನ್ನು ಗಿರಾಕಿ ತಂದರೆ ವಾಪಸು ಕಳಿಸಿ. ಮೇಲಿನವರು ಬೈದರೆ ಬೈಸಿಕೊಳ್ಳಿ. ಬೈಗುಳ ಸಂಜೆಗೆ ಮರೆಯುತ್ತದೆ.

ಟವರ್ ಕಂಪೆನಿ ಕೊನೆಗೆ ದಿವಾಳಿಯ ಕೋರ್ಟಿಗೆ ಹೋಯಿತು. ಶೆಟ್ಟರು ಎದೆಗುಂದಲಿಲ್ಲ. “ಕಾಣಿ, ಈಗ್ ಒಬ್ಬ ಗಟ್ಟಿ ಸೇಠ್ ಬತ್ತ. ಬಂದ್ ಎತ್ತತ್ತ” ಎಂದರು. ದಿನಾ ಬಂದು ಅದೇ ಕುರ್ಚಿಯಲ್ಲಿ ಕೂತರು. ಮಾತು ಮಾತ್ರ ಕಮ್ಮಿಯಾಗುತ್ತ ಬಂತು. ಕಡೆಕಡೆಗೆ ದರ ಕೇಳುವುದನ್ನೂ ಬಿಟ್ಟರು, ಪರದೆಯ ಕಡೆ ಒಮ್ಮೆ ನೋಡಿ ಕಿಟಕಿಯ ಹೊರಗೆ ನೋಡುತ್ತಿದ್ದರು.

ಒಂದು ಬೆಳಿಗ್ಗೆ ಅವರು ಮೆಟ್ಟಿಲು ಹತ್ತುವ ಸದ್ದೇ ಬೇರೆಯಾಗಿತ್ತು. ಕೈಯಲ್ಲಿ ಬಿಸಿ ಬನ್ಸಿನ ದೊಡ್ಡ ಪೊಟ್ಟಣ. “ಲಲಿತಮ್ಮ, ಎದ್ದಿತ್ ಕಾಣಿ! ಟಿ.ವಿ.ಯಗೆ ಬಂತ್. ದೊಡ್ಡ ಕಂಪೆನಿಯವ್ರ್ ತಕಂಡ್ರ್. ಕಾರ್ಖಾನಿ ಮತ್ತೆ ಶುರು ಅಂಬ್ರ್. ಮಾಸ್ಟ್ರೆ, ತಕಣಿ, ಬಾಯ್ ಸಿಹಿ ಮಾಡಿ. ನಾನ್ ಹೇಳ್ಲಿಲ್ಯಾ? ನಾನ್ ಹೇಳ್ಲಿಲ್ಯಾ?”

ಖಾರ್ವಿಯವರು ಎದ್ದು ಅವರ ಬೆನ್ನು ತಟ್ಟಿದರು. ಮಾಸ್ತರು ಬನ್ಸ್ ಮುರಿದರು. ಶೆಟ್ಟರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕಂಪೆನಿ ಎದ್ದಿತ್ತು, ಗಲ್ಲಾದಲ್ಲಿ ಗಟ್ಟಿ ಯಜಮಾನ ಕೂತಿದ್ದ.

ಆಗ ಪ್ರಭುಗಳು ಗಾಜಿನ ಕೋಣೆಯಿಂದ ಹೊರಗೆ ಬಂದರು. ಕೈಯಲ್ಲಿ ಶೇರು ವಿನಿಮಯ ಕೇಂದ್ರದಿಂದ ಬಂದ ಒಂದು ಹಾಳೆ. ಶೆಟ್ಟರ ಕೈಗೆ ಕೊಡಲಿಲ್ಲ, ನನ್ನ ಮೇಜಿನ ಮೇಲಿಟ್ಟರು. ನಾನು ಓದಿದೆ. ಹೊಸ ಯಜಮಾನರು ಬ್ಯಾಂಕುಗಳ ಸಾಲದಲ್ಲಿ ಒಂದು ಭಾಗ ತೀರಿಸಿ ಕಂಪೆನಿಯನ್ನು ಪಡೆದಿದ್ದಾರೆ. ಹಳೆಯ ಶೇರುಗಳೆಲ್ಲ ರದ್ದು. ಹಿಡಿದವರಿಗೆ ಸಿಗುವುದು ಸೊನ್ನೆ.

“ಎಂತ ಬರ್ದಿತ್ತ್?” ಎಂದರು ಶೆಟ್ಟರು.

ಹೇಳಿದೆ. ಅವರಿಗೆ ಮೊದಲು ಅರ್ಥವಾಗಲಿಲ್ಲ. “ಹೋಟ್ಲ್ ಎದ್ದಿತಲೆ” ಎಂದರು. “ಎದ್ದ ಹೋಟ್ಲಗೆ ಪಾಲ್ ಇಲ್ದೆ ಇಪ್ಪುದ್ ಹ್ಯಾಂಗೆ?”

“ಇದ್ರಗೆ ಹಂಗೇ ಶೆಟ್ರೆ. ಮೊದ್ಲ್ ಸಾಲ ಕೊಟ್ಟವ್ರಿಗೆ. ಅವ್ರಿಗೇ ಸಾಲ್ಲಿಲ್ಲೆ. ಶೇರಿನವ್ರ್ ಕೊನಿಗೆ.”

ಪೈ ಮಾಸ್ತರು ಬಾಯಿಯಲ್ಲಿದ್ದ ಬನ್ಸನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿದ್ದರು. ಶೆಟ್ಟರು ಎದ್ದು, ಚಪ್ಪಲಿ ಹಾಕಿಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಹೋದರು. ಅದಾದ ಮೇಲೆ ಅವರು ನಮ್ಮ ಆಫೀಸಿಗೆ ಬರಲಿಲ್ಲ.

ಬಂದದ್ದು ವಾರಿಜಕ್ಕ. ಒಂದು ಮಧ್ಯಾಹ್ನ ಒಬ್ಬರೇ, ಬಸ್ಸಿನಿಂದ ಇಳಿದು ಕೇಳಿಕೊಂಡು ಬಂದಿದ್ದರು. ಕಿಟಕಿ ಬದಿಯ ಖಾಲಿ ಕುರ್ಚಿಯಲ್ಲೇ ಕೂತರು.

“ಲಲಿತಮ್ಮ, ಅಣ್ಣಯ್ಯ ಫೋನ್ ತೆಗಿತಿಲ್ಲೆ. ಮನಿಗ್ ಹೋರೆ ‘ಮಲ್ಗಿದ್ರ್’ ಅಂತ್ರ್ ಅತ್ತಿಗೆ. ಕಂಪೆನಿ ಎದ್ದಿತ್ ಅಂತ ಟಿ.ವಿ.ಯಗೆ ಬಂತಲೆ, ಹಂಗಾರೆ ದುಡ್ಡ್ ತೆಗೂಕ್ ಆತ್ತಲ್ದಾ? ನಾನ್ ಸ್ಲ್ಯಾಬಿಗೆ ಜನ ಹೇಳಿ ಬಂದಿದ್ದೆ.”

ಪ್ರಭುಗಳು ತಮ್ಮ ಕೋಣೆಯ ಬಾಗಿಲು ಮುಚ್ಚಿಕೊಂಡರು. ಹೇಳುವ ಕೆಲಸ ನನ್ನದಾಯಿತು.

“ಕಂಪೆನಿ ಎದ್ದಿತ್ ಅಕ್ಕ. ಆದ್ರೆ ಅದೀಗ ಬೇರೆಯವ್ರದ್ದ್. ಹಳೇ ಶೇರೆಲ್ಲ ರದ್ದಾಯ್ತ್.”

“ರದ್ದ್ ಅಂದ್ರೆ? ಕಮ್ಮಿ ಸಿಕ್ಕತ್ತ್ ಅಂತಾ?”

“ಇಲ್ಲೆ ಅಕ್ಕ. ಎಂತದೂ ಸಿಕ್ಕತಿಲ್ಲೆ.”

“ಅಷ್ಟೂ?”

“ಅಷ್ಟೂ.”

ತೋರಿಸಿ ಎಂದರು. ಅವರ ಖಾತೆ ತೆರೆದು ಪರದೆಯನ್ನು ಅವರ ಕಡೆಗೆ ತಿರುಗಿಸಿದೆ. ಶೇರುಗಳ ಸಾಲು ಇನ್ನೂ ಇತ್ತು, ಬೆಲೆಯ ಜಾಗದಲ್ಲಿ ಒಂದು ಗೀಟು. ವಾರಿಜಕ್ಕ ಹತ್ತಿರ ಬಗ್ಗಿ, ತನ್ನ ಹೆಸರಿನ ಮೇಲೆ ಬೆರಳಿಟ್ಟು ನೋಡಿದರು. “ಇಲ್ಲಿ ನನ್ನ ಹೆಸ್ರ್ ಇತ್ತಲೆ” ಎಂದರು. ನಾನು ಹೌದು ಎಂದೆ.

ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಪರದೆಯ ಮೇಲಿನ ಆ ಗೀಟನ್ನೇ ನೋಡುತ್ತ, “ರೋಡಿನವ್ರ್ ನಮ್ಮ ಮನಿ ಒಡುಕ್ ಬಪ್ಪು ಮುಂಚೆ ಗೋಡಿಗೆ ಕೆಂಪ್ ಗೀಟ್ ಎಳ್ದ್ ಹೋಗಿದ್ರ್. ಪಾತ್ರೆ, ದೇವ್ರ ಪಟ ಎಲ್ಲ ಹೊರಗ್ ಇಟ್ಕಂಡಿತ್ತ್ ನಾವ್. ಇವ್ರ್ ಅಷ್ಟೂ ಮಾಡ್ಲಿಲ್ಲೆ” ಎಂದರು.

ನೀರು ಕೊಟ್ಟೆ, ಕುಡಿದರು. ಬಸ್ ಸ್ಟ್ಯಾಂಡಿನವರೆಗೆ ಜೊತೆಗೆ ಹೋದೆ. ಬಸ್ಸು ಬರುವ ತನಕ ಅವರು ಮಾತಾಡಿದ್ದು ಒಂದೇ, ಸ್ಲ್ಯಾಬಿನ ಜನರಿಗೆ ಬರಬೇಡಿ ಎಂದು ಫೋನು ಮಾಡಿದ್ದು.

ಶೆಟ್ಟರ ಸ್ವಂತದ್ದೂ ಅದರಲ್ಲೇ ಹೋಗಿತ್ತು. ಇದ್ದ ಫ್ಲ್ಯಾಟು ಹೆಂಡತಿಯ ಹೆಸರಿನಲ್ಲಿತ್ತು, ಅದನ್ನು ಆಕೆ ಬಿಟ್ಟುಕೊಡಲಿಲ್ಲ. ಬೆಂಚು ಬರಿದಾಗುತ್ತ ಬಂತು. ಖಾರ್ವಿಯವರು ಬೋಟಿನ ಕೆಲಸ ಎಂದರು, ಮಾಸ್ತರಿಗೆ ಮೆಟ್ಟಿಲು ಹತ್ತಲು ಆಗದಾಯಿತು. ಹೊಸ ಗಿರಾಕಿಗಳು ಮಾಳಿಗೆ ಹತ್ತುವುದೇ ಇಲ್ಲ. ಕೋಟೇಶ್ವರದ ಬಸ್ ನಿಲ್ದಾಣದಲ್ಲಿ ನಿಂತು ಫೋನಿನಲ್ಲೇ ಕೊಂಡು ಫೋನಿನಲ್ಲೇ ಸೋಲುತ್ತಾರೆ. ಅವರು ಸೋತದ್ದು ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಬೆಂಚಿನ ಕಾಲದಲ್ಲಿ ಕನಿಷ್ಠ ನಗುವವರಾದರೂ ಇದ್ದರು, ಬೈಯುವವರಾದರೂ ಇದ್ದರು. ನಾನು ನಿವೃತ್ತಳಾದ ದಿನ ಪ್ರಭುಗಳು ಒಂದು ಶಾಲು ಹೊದಿಸಿದರು.

ಆ ವರ್ಷದ ಹೊಸ್ತಿಗೆ ವಾರಿಜಕ್ಕ ನನ್ನನ್ನು ಊಟಕ್ಕೆ ಕರೆದರು. ಹೊಸ್ತು ಎಂದರೆ ಹೊಸ ಅಕ್ಕಿಯ ಊಟ. ಎಲೆ ಎದುರು ಕೂತ ಕಿರಿಯರು ಹಿರಿಯರ ಮುಖ ನೋಡಿ “ಹೊಸ್ತ್ ಉಂತೆ” ಎಂದು ಹೇಳಿ, ಅವರು “ಉಣ್ಣ್” ಎಂದ ಮೇಲೆಯೇ ತುತ್ತು ಎತ್ತುವುದು ನಮ್ಮ ಕಡೆಯ ಕ್ರಮ. ಗಿರಣಿಯ ಹಿಂದಿನ ಅದೇ ಎರಡು ಕೋಣೆ. ಯಡ್ತರೆಯ ಜಾಗವನ್ನು ಕಂಬಗಳ ಸಮೇತ ಮಾರಿ ದೊಡ್ಡ ಮಗಳನ್ನು ನರ್ಸಿಂಗಿಗೆ ಸೇರಿಸಿದ್ದರು.

ಎಲೆ ಹಾಕುವಾಗ ಶೆಟ್ಟರು ಬಂದರು. ಕರೆದಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಬಹಳ ಇಳಿದುಹೋಗಿದ್ದರು. ವಾರಿಜಕ್ಕ ಕಾಲಿಗೆ ನೀರು ಕೊಟ್ಟು, ಅವರಿಗೂ ಒಂದು ಎಲೆ ಹಾಕಿದರು. ಮಕ್ಕಳಿಬ್ಬರೂ, “ಮಾವಯ್ಯ, ಹೊಸ್ತ್ ಉಂತೆ” ಎಂದರು. “ಉಣ್ಣಿ ಮಕ್ಳೆ” ಎಂದರು ಶೆಟ್ಟರು. ನಾನೂ ಕೇಳಿದೆ, ನನಗೂ ಹೇಳಿದರು. ಅಲ್ಲಿ ಅವರಿಗಿಂತ ಹಿರಿಯರು ಯಾರೂ ಇರಲಿಲ್ಲ, ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಬಡಿಸುತ್ತಿದ್ದ ತಂಗಿಯ ಕಡೆ ಮುಖ ಎತ್ತಿ, “ವಾರಿಜಾ, ಹೊಸ್ತ್ ಉಂತೆ” ಎಂದರು.

ಕಿರಿಯ ಮಗಳು ಮಾವಯ್ಯನಿಗೆ ತಪ್ಪಿತು ಎಂದು ನಕ್ಕು, ತಾಯಿಯ ಮುಖ ನೋಡಿ ನಿಲ್ಲಿಸಿದಳು. ವಾರಿಜಕ್ಕ ಸೌಟು ಹಿಡಿದು ನಿಂತಿದ್ದರು. ಏನೂ ಹೇಳದೆ ಒಳಗೆ ಹೋಗಿ ಪಾಯಸ ತಂದು ಎಲ್ಲರಿಗೂ ಬಡಿಸಿದರು, ಅಣ್ಣನ ಎಲೆಗೂ ಬಡಿಸಿದರು. ಶೆಟ್ಟರು ನಮ್ಮ ಊಟ ಮುಗಿಯುವವರೆಗೆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಆಮೇಲೆ ಅನ್ನದ ಮೇಲೆ ಎಲೆ ಮಡಚಿ, ಎದ್ದು, ಬಸ್ಸಿಗೆ ಹೋದರು.

ಮಕ್ಕಳು ಆ ಎಲೆ ಎತ್ತಲು ಹೋದಾಗ ವಾರಿಜಕ್ಕ ಬಿಡಲಿಲ್ಲ. ತಾನೇ ಎತ್ತಿ ಹಿತ್ತಿಲಿಗೆ ಹಾಕಿ ಬಂದು, ಕೈ ತೊಳೆದು, ತನಗೊಂದು ಎಲೆ ಹಾಕಿಕೊಂಡು ನನ್ನೆದುರು ಕೂತರು.

“ಲಲಿತಮ್ಮ, ಹೊಸ್ತ್ ಉಂತೆ” ಎಂದರು.

ಉಣ್ಣಿ ಎಂದೆ.